ಮೇಲ್ದರ್ಜೆಗೇರಿದ ಗಣಕಯಂತ್ರ, ಹಿನ್ನೆಲೆಯಲ್ಲೇ ನಿಂತುಹೋದ ಕಡತ

ಚಳ್ಳಕೆರೆ: ವಿಂಡೋಸ್ 10 ಕಾರ್ಯಾಚರಣೆ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ಯಂತ್ರಗಳಿಗೆ ಮಾತ್ರ ಕೆಲಕಾಲ ಭದ್ರತಾ ಪರಿಷ್ಕರಣೆಗಳನ್ನು ಮುಂದುವರಿಸುವ ವ್ಯವಸ್ಥೆಯಾಯಿತು. ಉಳಿದವರಿಗೆ ವಿಂಡೋಸ್ 11ಕ್ಕೆ ಮೇಲ್ದರ್ಜೆಗೇರುವುದೇ ದಾರಿಯಾಯಿತು. ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ಈ ಕೆಲಸಕ್ಕೆಂದೇ ನೇಮಕಗೊಂಡ ಸಿಬ್ಬಂದಿ ಇರುತ್ತಾರೆ. ಚಳ್ಳಕೆರೆಯ ಎಣ್ಣೆ ಗಿರಣಿಯ ಲೆಕ್ಕಪತ್ರ ಕೊಠಡಿಯಲ್ಲಾಗಲಿ, ಮೊಳಕಾಲ್ಮುರಿನ ರೇಷ್ಮೆ ಸೀರೆ ಮಳಿಗೆಯಲ್ಲಾಗಲಿ ಅಂಥ ಅನುಕೂಲವಿಲ್ಲ. ಯಂತ್ರದ ಮುಂದೆ ಕುಳಿತವರೇ ಎಲ್ಲವನ್ನೂ ನೋಡಿಕೊಳ್ಳಬೇಕು.

ಮೇಲ್ದರ್ಜೆಗೇರಿಸಿದ ಮೊದಲ ಕೆಲವು ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪರದೆ ಹೊಳೆಯುತ್ತದೆ, ಲೆಕ್ಕದ ತಂತ್ರಾಂಶ ತೆರೆದುಕೊಳ್ಳುತ್ತದೆ, ಮುದ್ರಕ ಕಾಗದ ಉಗುಳುತ್ತದೆ. ಆದರೆ ಭದ್ರತಾ ಪರಿಷ್ಕರಣೆ ಮಾತ್ರ ಶೇಕಡಾ ಸೊನ್ನೆಯಲ್ಲೋ, ಇಪ್ಪತ್ತರಲ್ಲೋ ನಿಂತೇ ಇರುತ್ತದೆ. ಅದು ನಿಂತಿರುವುದು ಬಹಳಷ್ಟು ಬಾರಿ ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಅದು ಸದ್ದಿಲ್ಲದೆ ನಡೆಯಬೇಕಾದ ಕೆಲಸ. ಹಿನ್ನೆಲೆಯಲ್ಲಿ ನಡೆಯುವ ಈ ಕಡತ ವರ್ಗಾವಣೆ ಏಕೆ ನಿಲ್ಲುತ್ತದೆ, ಇಡೀ ವ್ಯವಸ್ಥೆಯನ್ನು ಅಳಿಸಿ ಹೊಸದಾಗಿ ಸ್ಥಾಪಿಸುವ ಮುನ್ನ ಏನೇನು ಪರೀಕ್ಷಿಸಬೇಕು ಎಂಬುದು ತಿಳಿದಿದ್ದರೆ ಹಣವೂ ಉಳಿಯುತ್ತದೆ, ಡೇಟಾ ಮಿತಿಯೂ ಉಳಿಯುತ್ತದೆ.

ಸರಕು ರೈಲಿನ ನಡೆ

ವಿಂಡೋಸ್‌ನಲ್ಲಿ ಈ ಕೆಲಸ ನಿರ್ವಹಿಸುವ ಸೇವೆಯ ಹೆಸರು ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್, ಚಿಕ್ಕದಾಗಿ ಬಿಟ್ಸ್. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಈ ಸೇವೆ ಇಂದಿನ ವಿಂಡೋಸ್ 11ರಲ್ಲಿಯೂ ಇದೆ. ಚಿಕ್ಕಜಾಜೂರಿನಿಂದ ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮುರು, ರಾಯದುರ್ಗಗಳ ಮೂಲಕ ಬಳ್ಳಾರಿಗೆ ಸಾಗುವ ರೈಲು ಮಾರ್ಗವನ್ನು ಬಲ್ಲವರಿಗೆ ಇದರ ನಡೆ ಸುಲಭವಾಗಿ ಅರ್ಥವಾದೀತು. ಪ್ರಯಾಣಿಕರ ಗಾಡಿ ಬರುವಾಗ ಸರಕು ರೈಲು ದಾರಿಯ ಸಣ್ಣ ನಿಲ್ದಾಣವೊಂದರಲ್ಲಿ ಪಕ್ಕದ ಹಳಿಗೆ ಸರಿದು ಕಾಯುತ್ತದೆ; ದಾರಿ ತೆರವಾದ ಬಳಿಕ ಹೊರಡುತ್ತದೆ. ಬಿಟ್ಸ್ ಸೇವೆಯೂ ಹಾಗೆಯೇ. ಬಳಕೆದಾರ ಜಾಲತಾಣ ತೆರೆದಾಗ, ವಿಡಿಯೊ ಕರೆಯಲ್ಲಿರುವಾಗ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಸಂಪರ್ಕ ಬಿಡುವಾದಾಗ ಮತ್ತೆ ಸಾಗುತ್ತದೆ. ವಿದ್ಯುತ್ ಹೋಗಿ ಯಂತ್ರ ಆರಿದರೂ ಅದುವರೆಗೆ ಬಂದ ಭಾಗ ಹಾಳಾಗುವುದಿಲ್ಲ. ಯಂತ್ರ ಮತ್ತೆ ಚಾಲೂ ಆದಾಗ ನಿಂತಲ್ಲಿಂದಲೇ ವರ್ಗಾವಣೆ ಮುಂದುವರಿಯುತ್ತದೆ. ವಿದ್ಯುತ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದ ಊರುಗಳಿಗೆ ಹೇಳಿ ಮಾಡಿಸಿದಂಥ ಏರ್ಪಾಡು ಇದು.

ಒಂದು ಮಿತಿಯಿದೆ. ಬಿಟ್ಸ್ ಸಾಮಾನ್ಯವಾಗಿ ತಾನಿರುವ ಯಂತ್ರದ ದಟ್ಟಣೆಯನ್ನೇ ಗಮನಿಸುತ್ತದೆ. ಒಂದೇ ರೌಟರ್‌ಗೆ ಐದು ಯಂತ್ರ ಜೋಡಿಸಿರುವ ಕಚೇರಿಯಲ್ಲಿ ಉಳಿದ ನಾಲ್ಕರ ಪಾಡು ಅದಕ್ಕೆ ಸರಿಯಾಗಿ ತಿಳಿಯದು. ಐದೂ ಯಂತ್ರಗಳು ಒಂದೇ ದಿನ ಮೇಲ್ದರ್ಜೆಗೇರಿದರೆ ಐದೂ ಒಟ್ಟಿಗೆ ಕಡತ ಎಳೆಯತೊಡಗಿ ಎಲ್ಲರ ಕೆಲಸ ನಿಧಾನವಾಗುವುದು ಇದೇ ಕಾರಣಕ್ಕೆ.

ವಿಂಡೋಸ್ 10ರಿಂದ ಈಚೆಗೆ ಇನ್ನೊಂದು ಬದಲಾವಣೆಯೂ ಆಗಿದೆ. ವಿಂಡೋಸ್ ಅಪ್‌ಡೇಟ್‌ನ ದೊಡ್ಡ ಕಡತಗಳನ್ನು ತರುವ ಮುಖ್ಯ ಹೊಣೆಯನ್ನು ಡೆಲಿವರಿ ಆಪ್ಟಿಮೈಸೇಶನ್ ಎಂಬ ಇನ್ನೊಂದು ಸೇವೆ ವಹಿಸಿಕೊಂಡಿದೆ. ಬಿಟ್ಸ್ ಅದರ ಬೆನ್ನಿಗಿರುತ್ತದೆ. ಇತರ ಹಲವು ತಂತ್ರಾಂಶಗಳು ತಮ್ಮ ಪರಿಷ್ಕರಣೆಗೆ ಇಂದಿಗೂ ಬಿಟ್ಸ್ ಅನ್ನೇ ಬಳಸುತ್ತವೆ. ಹೀಗಾಗಿ ಪರಿಷ್ಕರಣೆ ನಿಂತಿದೆ ಎಂದಾಗ ಬಿಟ್ಸ್ ಒಂದನ್ನೇ ನೋಡಿದರೆ ಸಾಲದು, ಈ ಎರಡೂ ಸೇವೆಗಳನ್ನು ನೋಡಬೇಕು. ಹಳೆಯ ಟಿಪ್ಪಣಿಗಳನ್ನು ನಂಬಿ ದುರಸ್ತಿಗೆ ಇಳಿಯುವವರು ಎಡವುವುದು ಇಲ್ಲಿಯೇ.

ನಿಂತರೆ ಏನಾದೀತು?

ಸೇವೆ ನಿಂತರೆ ಕೆಲಸವೇನೂ ಕೆಡುವುದಿಲ್ಲ ಎಂಬ ಭಾವನೆ ಹಲವರಲ್ಲಿದೆ. 2017ರ ಘಟನೆಯೊಂದು ಇದಕ್ಕೆ ಉತ್ತರ ನೀಡುತ್ತದೆ. ಆ ವರ್ಷದ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದೂಡಲ್ಪಟ್ಟವು. ಆ ದೋಷವನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್ 14ರಂದು, ಬಿಡುಗಡೆ ಮಾಡಿತ್ತು. ದಾಳಿಗೆ ತುತ್ತಾದ ಯಂತ್ರಗಳಲ್ಲಿ ಹೆಚ್ಚಿನವು ಅಂದು ಬೆಂಬಲದಲ್ಲಿಯೇ ಇದ್ದ ವಿಂಡೋಸ್ 7 ಯಂತ್ರಗಳು. ಮದ್ದು ಸಿದ್ಧವಿತ್ತು, ಯಂತ್ರಕ್ಕೆ ತಲುಪಿರಲಿಲ್ಲ.

ತಾಲ್ಲೂಕು ಕೇಂದ್ರದ ಸೇವಾ ಕೇಂದ್ರವೊಂದರ ಗಣಕಯಂತ್ರದಲ್ಲಿ ಆಧಾರ್ ಪ್ರತಿ, ಪಹಣಿ, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ರಾಶಿಯೇ ಇರುತ್ತದೆ. ಅವೆಲ್ಲ ಅಂಗಡಿಯವರದಲ್ಲ, ಸಾಲಿನಲ್ಲಿ ನಿಂತು ಕೊಟ್ಟುಹೋದ ರೈತರದು. ಶೇಂಗಾ ಬೆಳೆಗೆ ವಿಮೆ ಕಂತು ಕಟ್ಟುವ ಕೊನೆಯ ದಿನವೋ, ಜಿಎಸ್‌ಟಿ ವಿವರ ಸಲ್ಲಿಸುವ 20ನೇ ತಾರೀಖೋ ಇಂಥ ಯಂತ್ರ ಕೈಕೊಟ್ಟರೆ ನಷ್ಟ ಒಬ್ಬರಿಗೆ ಸೀಮಿತವಾಗುವುದಿಲ್ಲ.

ಹೊಸದಾಗಿ ಸ್ಥಾಪಿಸಿಬಿಡೋಣ ಎಂಬ ಸಲಹೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ವಿಂಡೋಸ್ 11ರ ಸ್ಥಾಪನಾ ಕಡತವೇ ಐದು ಗಿಗಾಬೈಟ್‌ಗೂ ಹೆಚ್ಚು. ದಿನಕ್ಕೆ ಒಂದೂವರೆ ಗಿಗಾಬೈಟ್ ಮಿತಿಯ ಮೊಬೈಲ್ ಯೋಜನೆಯನ್ನೇ ನೆಚ್ಚಿದವರಿಗೆ ಇದು ಮೂರ್ನಾಲ್ಕು ದಿನಗಳ ಡೇಟಾ. ಅದರ ಮೇಲೆ ಲೆಕ್ಕದ ತಂತ್ರಾಂಶ, ಕನ್ನಡ ಕೀಲಿಮಣೆ, ಮುದ್ರಕದ ಚಾಲಕ ತಂತ್ರಾಂಶಗಳನ್ನು ಮತ್ತೆ ಕೂಡಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಮೂಲ ಕಾರಣ ಸಂಪರ್ಕದ ಒಂದು ಗುರುತಿನಲ್ಲಿದ್ದರೆ ಹೊಸ ವ್ಯವಸ್ಥೆಯಲ್ಲೂ ಪರಿಷ್ಕರಣೆ ಬರುವುದಿಲ್ಲ.

ಮೊದಲು ನೋಡಬೇಕಾದುದು

ಸೇವೆ ನಡೆಯುತ್ತಿದೆಯೇ ಎಂದು ಅರಿಯಲು ಅತ್ಯಂತ ಸರಳ ಉಪಾಯವೊಂದಿದೆ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ರಕ್ಷಣೆಯ ಪುಟದಲ್ಲಿ ಡಿಫೆಂಡರ್‌ನ ವೈರಸ್ ಮಾಹಿತಿ ಕೊನೆಯದಾಗಿ ಪರಿಷ್ಕೃತಗೊಂಡ ದಿನಾಂಕ ನೋಡಬೇಕು. ಬೇರೆ ವೈರಸ್ ನಿರೋಧಕ ಇಲ್ಲದ, ದಿನವೂ ಅಂತರಜಾಲಕ್ಕೆ ಸೇರುವ ಯಂತ್ರದಲ್ಲಿ ಆ ದಿನಾಂಕ ಇಂದಿನದೋ ನಿನ್ನೆಯದೋ ಆಗಿರಬೇಕು. ಎರಡು ವಾರ ಹಳೆಯದಾಗಿದ್ದರೆ ತೊಂದರೆ ಇದೆಯೆಂದೇ ಅರ್ಥ.

ಬಳಿಕ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಶಟ್‌ಡೌನ್ ಮಾಡಿ ಮತ್ತೆ ಚಾಲೂ ಮಾಡಿದರೆ ಒಂದೇ ಅಲ್ಲವೇ ಎಂಬ ಪ್ರಶ್ನೆ ಸಹಜ. ಒಂದೇ ಅಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ತಿರುಳು ಪೂರ್ತಿ ಮುಚ್ಚಿಕೊಳ್ಳದೆ ನಿದ್ರೆಗೆ ಜಾರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಅರ್ಧಕ್ಕೆ ನಿಂತ ಎಷ್ಟೋ ವರ್ಗಾವಣೆಗಳು ಇಷ್ಟರಿಂದಲೇ ಹೊರಡುತ್ತವೆ.

ಸಂಗ್ರಹದ ಜಾಗವನ್ನೂ ಗಮನಿಸಬೇಕು. ಮೇಲ್ದರ್ಜೆಗೇರಿದ ಬಳಿಕ ಹಳೆಯ ವ್ಯವಸ್ಥೆ ವಿಂಡೋಸ್.ಓಲ್ಡ್ ಎಂಬ ಕೋಶದಲ್ಲಿ ಹತ್ತು ದಿನ ಉಳಿದಿರುತ್ತದೆ, ಹಲವಾರು ಗಿಗಾಬೈಟ್ ಆಕ್ರಮಿಸಿಕೊಂಡಿರುತ್ತದೆ. 128 ಗಿಗಾಬೈಟ್ ಸಂಗ್ರಹದ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹೊಸ ಪರಿಷ್ಕರಣೆಗೆ ಇದರಿಂದಲೇ ಜಾಗ ಸಿಗದಿರಬಹುದು. ಆದರೆ ಆ ಕೋಶವನ್ನು ಅಳಿಸಿದರೆ ಹಳೆಯ ವ್ಯವಸ್ಥೆಗೆ ಮರಳುವ ದಾರಿ ಮುಚ್ಚುತ್ತದೆ ಎಂಬುದೂ ನೆನಪಿರಬೇಕು. ಹಾಗೆಯೇ ಯಂತ್ರದ ಗಡಿಯಾರ. ಮದರ್‌ಬೋರ್ಡ್‌ನ ನಾಣ್ಯದಾಕಾರದ ಬ್ಯಾಟರಿ ಸತ್ತ ಯಂತ್ರದಲ್ಲಿ ವಿದ್ಯುತ್ ಹೋಗಿ ಬಂದಾಗ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಸರಿಯುತ್ತದೆ. ದಿನಾಂಕ ತಪ್ಪಿದ್ದರೆ ಭದ್ರತಾ ಪ್ರಮಾಣಪತ್ರಗಳು ಹೊಂದುವುದಿಲ್ಲ, ಸರ್ವರ್ ಸಂಪರ್ಕವೇ ಏರ್ಪಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಒಂದು ಬ್ಯಾಟರಿಯಿಂದ ಇದು ಸರಿಹೋಗುತ್ತದೆ.

ಮೊಬೈಲ್ ಹಾಟ್‌ಸ್ಪಾಟ್ ಎಂಬ ಕಾರಣ

ಸಣ್ಣ ಊರುಗಳಲ್ಲಿ ಎಲ್ಲಕ್ಕಿಂತ ಮೊದಲು ಶಂಕಿಸಬೇಕಾದುದು ಮೀಟರ್ಡ್ ಕನೆಕ್ಷನ್ ಎಂಬ ಗುರುತನ್ನು. ಸಂಪರ್ಕಕ್ಕೆ ಡೇಟಾ ಮಿತಿ ಇದೆ ಎಂದು ವಿಂಡೋಸ್‌ಗೆ ತಿಳಿಸುವ ಗುರುತು ಇದು. ಡೇಟಾ ಬೇಗ ಮುಗಿಯಬಾರದೆಂದು ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಎಂದೋ ಇದನ್ನು ಹಾಕಿಸಿ ಮರೆತಿರುತ್ತಾರೆ. ಈ ಗುರುತು ಇರುವವರೆಗೆ ವಿಂಡೋಸ್ ಅಪ್‌ಡೇಟ್ ದೊಡ್ಡ ಕಡತಗಳನ್ನು ತರದೆ ಕಾಯುತ್ತದೆ. ಇದು ದೋಷವಲ್ಲ, ಕೊಟ್ಟ ಆಜ್ಞೆಯ ಪಾಲನೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಆಯಾ ವೈಫೈ ಸಂಪರ್ಕದ ಗುಣಲಕ್ಷಣಗಳನ್ನು ತೆರೆದರೆ ಗುರುತು ಕಾಣುತ್ತದೆ. ಅದನ್ನು ಶಾಶ್ವತವಾಗಿ ತೆಗೆಯಬೇಕಾಗಿಯೂ ಇಲ್ಲ. ತಿಂಗಳಿಗೊಮ್ಮೆ, ಬಳಸದೆ ಉಳಿದ ಡೇಟಾ ಇರುವ ರಾತ್ರಿ ತೆಗೆದು, ಪರಿಷ್ಕರಣೆ ಬಂದ ಬಳಿಕ ಮತ್ತೆ ಹಾಕಬಹುದು. ಮೈಕ್ರೋಸಾಫ್ಟ್ ತನ್ನ ಮಾಸಿಕ ಭದ್ರತಾ ಪರಿಷ್ಕರಣೆಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಕಾಲಮಾನದಂತೆ, ಬಿಡುಗಡೆ ಮಾಡುತ್ತದೆ. ಭಾರತದಲ್ಲಿ ಮರುದಿನ ಬುಧವಾರ ರಾತ್ರಿ ಈ ಕೆಲಸಕ್ಕೆ ತಕ್ಕ ಸಮಯ.

ನಾಲ್ಕೈದು ಯಂತ್ರಗಳಿರುವ ಕಚೇರಿಗೆ ಡೆಲಿವರಿ ಆಪ್ಟಿಮೈಸೇಶನ್ ಉಪಯುಕ್ತ. ಒಂದು ಯಂತ್ರ ತಂದ ಪರಿಷ್ಕರಣೆಯನ್ನು ಅದೇ ಕಚೇರಿಯ ಉಳಿದ ಯಂತ್ರಗಳು ಹಂಚಿಕೊಳ್ಳುವಂತೆ ಮಾಡಬಹುದು. ಆದರೆ ಹಂಚಿಕೆ ಸ್ಥಳೀಯ ಜಾಲಕ್ಕೆ ಮಾತ್ರ ಸೀಮಿತವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಅಂತರಜಾಲದ ಅಪರಿಚಿತ ಯಂತ್ರಗಳಿಗೂ ಹಂಚುವ ಆಯ್ಕೆ ಅಲ್ಲಿಯೇ ಇದೆ; ಅದನ್ನು ಒಪ್ಪಿದರೆ ಕಚೇರಿಯ ಡೇಟಾ ಪರರ ಪಾಲಾಗುತ್ತದೆ. ವೇಗದ ಮಿತಿ ನಿಗದಿಪಡಿಸುವ ಜಾಗವೂ ಅದೇ ಪುಟದಲ್ಲಿದೆ. ಹಿಂದೆ ಯಾರೋ ತೀರಾ ಕಡಿಮೆ ಮಿತಿ ಹಾಕಿದ್ದರೆ ಪರಿಷ್ಕರಣೆ ಆಮೆಯ ನಡಿಗೆಯಲ್ಲಿ ಸಾಗುತ್ತದೆ.

ಸೇವೆಯ ಸ್ಥಿತಿ

ಸಂಪರ್ಕ ಸರಿಯಿದ್ದೂ ಕಡತ ಬಾರದಿದ್ದರೆ ಸರ್ವೀಸಸ್ ಪಟ್ಟಿ ತೆರೆದು ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್, ವಿಂಡೋಸ್ ಅಪ್‌ಡೇಟ್, ಡೆಲಿವರಿ ಆಪ್ಟಿಮೈಸೇಶನ್ ಈ ಮೂರನ್ನೂ ನೋಡಬೇಕು. ಬಿಟ್ಸ್ ನಿಂತಿದೆ ಎಂದು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಕೆಲಸವಿಲ್ಲದಾಗ ಅದು ವಿರಮಿಸುತ್ತದೆ, ಕೆಲಸ ಬಂದಾಗ ಏಳುತ್ತದೆ. ಆರಂಭದ ವಿಧಾನ ಮ್ಯಾನುಯಲ್ ಎಂದಿದ್ದರೂ ಸರಿಯೇ. ಡಿಸೇಬಲ್ಡ್ ಎಂದಿದ್ದರೆ ಮಾತ್ರ ಅದು ತೊಂದರೆ. ಆಗ 80070422 ಎಂಬ ದೋಷಸಂಖ್ಯೆಯೂ ಕಾಣಿಸಿಕೊಳ್ಳಬಹುದು. ಸೇವೆಯನ್ನು ನಿಷ್ಕ್ರಿಯಗೊಳಿಸಲಾಗಿದೆ ಎಂಬುದೇ ಅದರ ಅರ್ಥ.

ನಿಷ್ಕ್ರಿಯಗೊಳಿಸಿದವರು ಯಾರು? ಬಹುಮಟ್ಟಿಗೆ, ಯಂತ್ರದ ವೇಗ ಹೆಚ್ಚಿಸುತ್ತೇವೆ ಎಂದು ಹೇಳಿಕೊಳ್ಳುವ ತಂತ್ರಾಂಶಗಳು. ಡೇಟಾ ಉಳಿಸಲು ವರ್ಷಗಳ ಹಿಂದೆ ಪರಿಷ್ಕರಣೆಯನ್ನೇ ಬಂದ್ ಮಾಡಿಸಿದ ಯಂತ್ರಗಳೂ ಇವೆ. ಇನ್ನೊಂದು ಬಗೆಯೂ ಇದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಮತ್ತು ಕನಿಷ್ಠ 4 ಗಿಗಾಬೈಟ್ ರ‍್ಯಾಮ್ ಬೇಕು. ಈ ಅರ್ಹತೆಯಿಲ್ಲದ ಹಳೆಯ ಯಂತ್ರಗಳಿಗೆ ಅಡ್ಡದಾರಿಯಲ್ಲಿ ಸ್ಥಾಪಿಸಿದರೆ ಪರಿಷ್ಕರಣೆ ದೊರೆಯುವ ಖಾತರಿಯನ್ನು ಮೈಕ್ರೋಸಾಫ್ಟ್ ನೀಡುವುದಿಲ್ಲ. ಲೈಟ್ ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ಹರಿದಾಡುವ ತಿದ್ದಿದ ಪ್ರತಿಗಳಲ್ಲಂತೂ ಪರಿಷ್ಕರಣೆಯ ಸೇವೆಗಳನ್ನೇ ಕಿತ್ತುಹಾಕಿರುವುದುಂಟು. ಅಂಥ ಯಂತ್ರದಲ್ಲಿ ದುರಸ್ತಿಗೆ ಇಳಿಯುವುದು ಕಾಲಹರಣ. ಅಧಿಕೃತ ಪ್ರತಿಯನ್ನು ಹೊಸದಾಗಿ ಸ್ಥಾಪಿಸುವುದೊಂದೇ ಮಾರ್ಗ.

ಸರದಿಯಲ್ಲಿರುವ ಕೆಲಸಗಳು

ಸೇವೆ ಸುಸ್ಥಿತಿಯಲ್ಲಿದ್ದರೆ ಅದರ ಸರದಿಯನ್ನು ಪರಿಶೀಲಿಸಬಹುದು. ಆಡಳಿತಾಧಿಕಾರದೊಂದಿಗೆ ಪವರ್‌ಶೆಲ್ ತೆರೆದು ಗೆಟ್-ಬಿಟ್ಸ್‌ಟ್ರಾನ್ಸ್‌ಫರ್ -ಆಲ್‌ಯೂಸರ್ಸ್ ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದರೆ ಎಲ್ಲ ಬಳಕೆದಾರರ ಕೆಲಸಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಮುಂದೆಯೂ ಒಂದು ಸ್ಥಿತಿ ಇರುತ್ತದೆ. ಟ್ರಾನ್ಸಿಯೆಂಟ್ ಎರರ್ ಎಂದಿದ್ದರೆ ತಾತ್ಕಾಲಿಕ ಅಡಚಣೆ. ಬಿಟ್ಸ್ ಸಾಮಾನ್ಯವಾಗಿ ಹತ್ತು ನಿಮಿಷಗಳ ಅಂತರದಲ್ಲಿ ಮತ್ತೆ ಯತ್ನಿಸುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ 14 ದಿನಗಳವರೆಗೆ ಹೀಗೆ ಯತ್ನಿಸಿ, ಏನೂ ಮುನ್ನಡೆಯಾಗದಿದ್ದರೆ ಎರರ್ ಎಂದು ಘೋಷಿಸಿ ಸುಮ್ಮನಾಗುತ್ತದೆ. ಮೇಲ್ದರ್ಜೆಗೇರಿ ಎರಡು ವಾರ ಕಳೆದ ಮೇಲೆ ತೊಂದರೆ ಬಯಲಿಗೆ ಬರುವುದಕ್ಕೆ ಇದೂ ಒಂದು ಕಾರಣವಾಗಬಹುದು. ಸಸ್ಪೆಂಡೆಡ್ ಎಂದಿದ್ದರೆ ಯಾವುದೋ ತಂತ್ರಾಂಶ ಅದನ್ನು ತಡೆಹಿಡಿದಿದೆ.

ಟ್ರಾನ್ಸ್‌ಫರ್ಡ್ ಎಂಬ ಸ್ಥಿತಿ ಹಲವರನ್ನು ಗೊಂದಲಕ್ಕೀಡುಮಾಡುತ್ತದೆ. ಕಡತ ಪೂರ್ತಿ ಬಂದಿದೆ, ಆದರೂ ಕೋಶದಲ್ಲಿ ಕಾಣುವುದಿಲ್ಲ. ಕಡತವನ್ನು ಕೇಳಿದ ತಂತ್ರಾಂಶ ತಲುಪಿದೆ ಎಂದು ಸಹಿ ಹಾಕುವವರೆಗೆ ಬಿಟ್ಸ್ ಅದನ್ನು ಬಿಐಟಿ ಎಂದು ಆರಂಭವಾಗುವ ಹೆಸರಿನ ಅಡಗಿದ ತಾತ್ಕಾಲಿಕ ಕಡತವಾಗಿಯೇ ಇಟ್ಟುಕೊಂಡಿರುತ್ತದೆ. (ಸಹಿಯ ಮಾತು ಬಂದಾಗ ನೆನಪಾಗುವುದು: ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ರವಾನೆಯಾದ ಸಂದೇಶ. ಒಂದೇ ಸಂದೇಶದ ಮೂರು ಪ್ರತಿಗಳು. ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಕೊನೆಯಲ್ಲಿದೆ.) ಕಸ ಗುಡಿಸುವ ತಂತ್ರಾಂಶಗಳು ಈ ತಾತ್ಕಾಲಿಕ ಕಡತಗಳನ್ನು ಅನಗತ್ಯವೆಂದು ಅಳಿಸಿಬಿಟ್ಟರೆ ಇಡೀ ವರ್ಗಾವಣೆ ವ್ಯರ್ಥ. ಮೇಲ್ದರ್ಜೆಗೇರಿದ ಕೂಡಲೇ ಇಂಥ ತಂತ್ರಾಂಶ ಓಡಿಸುವ ಅಭ್ಯಾಸ ಬಿಡುವುದು ಲೇಸು.

ಒಬ್ಬ ಬಳಕೆದಾರನ ಹೆಸರಿನಲ್ಲಿ ಆರಂಭವಾದ ಕೆಲಸ ಆ ಬಳಕೆದಾರ ಲಾಗಿನ್ ಆಗಿರುವಾಗ ಮಾತ್ರ ಸಾಗುತ್ತದೆ. ಬೆಳಗಿನ ಪಾಳಿಯವರು ಲಾಗೌಟ್ ಆಗಿ, ಸಂಜೆಯವರು ತಮ್ಮ ಖಾತೆಯಲ್ಲಿ ಕುಳಿತರೆ ಬೆಳಗಿನ ಕಡತ ಅಲ್ಲಿಯೇ ನಿಲ್ಲುತ್ತದೆ. ವ್ಯವಸ್ಥೆಯ ಹೆಸರಿನಲ್ಲಿ ನಡೆಯುವ ವಿಂಡೋಸ್ ಪರಿಷ್ಕರಣೆಗೆ ಈ ತೊಡಕಿಲ್ಲ.

ಪಟ್ಟಿಯಲ್ಲಿ ಗುರುತೇ ಇಲ್ಲದ ಕೆಲಸ, ಕೇಳರಿಯದ ವಿಳಾಸದಿಂದ ಕಡತ ತರುತ್ತಿರುವುದು ಕಂಡರೆ ಎಚ್ಚರ ಅಗತ್ಯ. ಯಂತ್ರ ಮತ್ತೆ ಚಾಲೂ ಆದಾಗ ತಾನಾಗಿ ಮುಂದುವರಿಯುವ ಬಿಟ್ಸ್‌ನ ಗುಣವನ್ನೇ ಕುತಂತ್ರಾಂಶ ಬರೆಯುವವರು ದುರ್ಬಳಕೆ ಮಾಡಿಕೊಳ್ಳುತ್ತಾರೆ. ಅಂಥ ಯಂತ್ರದ ಸಂಪರ್ಕ ಕಡಿದು ಪೂರ್ಣ ವೈರಸ್ ತಪಾಸಣೆ ನಡೆಸಬೇಕು.

ಇವೆಲ್ಲದರ ಇತಿಹಾಸ ಈವೆಂಟ್ ವ್ಯೂವರ್‌ನ ಬಿಟ್ಸ್-ಕ್ಲೈಂಟ್ ದಾಖಲೆಯಲ್ಲಿ ಸಿಗುತ್ತದೆ. 59 ಎಂದರೆ ವರ್ಗಾವಣೆ ಆರಂಭ, 60 ಎಂದರೆ ನಿಲುಗಡೆ, 61 ಎಂದರೆ ದೋಷದಿಂದಾದ ನಿಲುಗಡೆ. ಜೊತೆಗಿರುವ ದೋಷಸಂಖ್ಯೆ 80200010 ಆಗಿದ್ದರೆ ಸಂಪರ್ಕ ಕಡಿದಿದೆ. 80200013 ಆಗಿದ್ದರೆ ಕಡತವನ್ನು ತುಂಡು ತುಂಡಾಗಿ ಕೊಡಲು ಸರ್ವರ್ ಅಥವಾ ನಡುವಿನ ಪ್ರಾಕ್ಸಿ ಒಪ್ಪುತ್ತಿಲ್ಲ. ಬಳಕೆದಾರ ಯಂತ್ರವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಕೊನೆಯ ಹಂತದ ದುರಸ್ತಿ

ಸರದಿಯೇ ಕೆಟ್ಟಿದೆ ಎಂದು ಖಚಿತವಾದರೆ ವಿಂಡೋಸ್ ಅಪ್‌ಡೇಟ್ ಮತ್ತು ಬಿಟ್ಸ್ ಸೇವೆಗಳನ್ನು ನಿಲ್ಲಿಸಿ, ವಿಂಡೋಸ್ ಕೋಶದೊಳಗಿನ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಕೋಶದ ಹೆಸರನ್ನು ಬದಲಾಯಿಸಿ, ಸೇವೆಗಳನ್ನು ಮತ್ತೆ ಆರಂಭಿಸಬೇಕು. ಪ್ರೋಗ್ರಾಂಡೇಟಾ ಕೋಶದ ಒಳಗೆ ಮೈಕ್ರೋಸಾಫ್ಟ್, ನೆಟ್‌ವರ್ಕ್, ಡೌನ್‌ಲೋಡರ್ ಎಂಬ ಹಾದಿಯಲ್ಲಿರುವ ಕ್ಯೂಎಂಜಿಆರ್ ಹೆಸರಿನ ಕಡತಗಳನ್ನೂ ಹಾಗೆಯೇ ಹೆಸರು ಬದಲಿಸಿ ಪಕ್ಕಕ್ಕಿಡಬಹುದು. ವಿಂಡೋಸ್ ಹೊಸದನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಬಳಕೆದಾರನ ಸ್ವಂತ ದಾಖಲೆಗಳಿಗೆ ಇದರಿಂದ ಧಕ್ಕೆಯಿಲ್ಲ; ಅರ್ಧ ಬಂದಿದ್ದ ಕಡತಗಳನ್ನು ಮಾತ್ರ ಮೊದಲಿನಿಂದ ತರಬೇಕಾಗುತ್ತದೆ. ಆದ್ದರಿಂದಲೇ ಇದನ್ನು ಕೊನೆಗೆ ಮಾಡಬೇಕು.

ವ್ಯವಸ್ಥೆಯ ಕಡತಗಳೇ ಹಾಳಾಗಿದ್ದರೆ ಡಿಸ್ಮ್ ಮತ್ತು ಎಸ್‌ಎಫ್‌ಸಿ ಎಂಬ ಎರಡು ಸಲಕರಣೆಗಳಿವೆ. ಡಿಸ್ಮ್ ಮೊದಲು, ಎಸ್‌ಎಫ್‌ಸಿ ನಂತರ. ಇಲ್ಲೊಂದು ವಿಪರ್ಯಾಸವಿದೆ. ಡಿಸ್ಮ್ ದುರಸ್ತಿಗೆ ಬೇಕಾದ ಸರಿಯಾದ ಕಡತಗಳನ್ನು ಸಾಮಾನ್ಯವಾಗಿ ತರುವುದು ವಿಂಡೋಸ್ ಅಪ್‌ಡೇಟ್ ಮೂಲಕವೇ. ಅದೇ ಕೆಟ್ಟಿರುವಾಗ ದುರಸ್ತಿಯೂ ವಿಫಲವಾಗುತ್ತದೆ. ಆಗ ಸ್ಥಾಪನಾ ಕಡತವಿರುವ ಪೆನ್‌ಡ್ರೈವ್ ಜೋಡಿಸಿ, ಮೂಲ ಇದು ಎಂದು ಡಿಸ್ಮ್‌ಗೆ ತೋರಿಸಬೇಕಾಗುತ್ತದೆ. ವಿಂಡೋಸ್ 10ರಲ್ಲಿದ್ದ ಬಿಟ್ಸ್ ಟ್ರಬಲ್‌ಶೂಟರ್ ಅನ್ನು ಹುಡುಕಿ ಸಮಯ ಕಳೆಯುವುದೂ ಬೇಡ. ಅಂಥ ಹಳೆಯ ಸಲಕರಣೆಗಳನ್ನು ಹಂತಹಂತವಾಗಿ ತೆಗೆಯುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿಯೇ ಪ್ರಕಟಿಸಿತ್ತು.

ದುರಸ್ತಿ ನಡೆಯುವ ದಿನಗಳಲ್ಲಿ ಯಂತ್ರ ಅಸುರಕ್ಷಿತವಾಗಿ ಉಳಿಯಬೇಕಿಲ್ಲ. ಮೈಕ್ರೋಸಾಫ್ಟ್ ಅಪ್‌ಡೇಟ್ ಕೆಟಲಾಗ್ ತಾಣದಲ್ಲಿ ಪ್ರತಿ ತಿಂಗಳ ಪರಿಷ್ಕರಣೆಯೂ ಪ್ರತ್ಯೇಕ ಕಡತವಾಗಿ ಉಚಿತವಾಗಿ ದೊರೆಯುತ್ತದೆ. ಡಿಫೆಂಡರ್‌ನ ವೈರಸ್ ಮಾಹಿತಿಯನ್ನೂ ಮೈಕ್ರೋಸಾಫ್ಟ್ ತಾಣದಿಂದ ಹಾಗೆಯೇ ಪಡೆಯಬಹುದು. ಯಂತ್ರದ ವಿಂಡೋಸ್ ಆವೃತ್ತಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು, ಚಿತ್ರದುರ್ಗದಲ್ಲೋ ಬಳ್ಳಾರಿಯಲ್ಲೋ ಒಳ್ಳೆಯ ಸಂಪರ್ಕವಿರುವೆಡೆ ಆ ಕಡತಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡರೆ, ಸಂಜೆಯ ಬಸ್ಸಿನಲ್ಲಿ ಮೊಳಕಾಲ್ಮುರಿಗೆ ತಂದು ಅಂತರಜಾಲದ ಹಂಗಿಲ್ಲದೆ ಸ್ಥಾಪಿಸಬಹುದು.